ನೂರು ಅಂಕಗಳ ವೀರನಿಗೆ ಒಲಿಯದ ಪ್ರಶಸ್ತಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ದಿಗ್ಗಜ ವಿಲ್ಟ್ ಚೇಂಬರ್ಲೇನ್ ಜನಿಸಿದ್ದು 1936ರಲ್ಲಿ, ಫಿಲಡೆಲ್ಫಿಯಾದಲ್ಲಿ. ಏಳು ಅಡಿ ಮೀರಿದ ಈ ಆಜಾನುಬಾಹು 1959ರಲ್ಲಿ ಎನ್‌ಬಿಎ ಪ್ರವೇಶಿಸಿ, ಮೊದಲ ಋತುವಿನಲ್ಲೇ ಅತ್ಯಮೂಲ್ಯ ಆಟಗಾರ ಪ್ರಶಸ್ತಿಗೆ ಭಾಜನರಾದರು.

1961-62ರಲ್ಲಿ ಅವರು ಪ್ರತಿ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. 1962ರ ಮಾರ್ಚ್ 2ರಂದು ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬರೇ 100 ಅಂಕ ಕಲೆಹಾಕಿದರು. ಈ ಎರಡೂ ದಾಖಲೆಗಳು ಇಂದಿಗೂ ಅಬಾಧಿತ. ಆದರೆ ಆಟಗಾರರೇ ಮತ ಚಲಾಯಿಸಿ ಆರಿಸುತ್ತಿದ್ದ ಆ ವರ್ಷದ ಪ್ರಶಸ್ತಿ ಸಂದದ್ದು ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್‌ಗೆ. ರಸೆಲ್ ಗಳಿಕೆ ಸರಾಸರಿ 18.9 ಅಂಕ ಮಾತ್ರ. ಎದುರಾಳಿಗಳನ್ನು ತಡೆಯುವ ಅವರ ಆಟದ ಬಲದಿಂದ ಬಾಸ್ಟನ್ 60 ಪಂದ್ಯ ಗೆದ್ದು ಚಾಂಪಿಯನ್ ಆಗಿತ್ತು.

ಮೌಲ್ಯವಿರುವುದು ವೈಯಕ್ತಿಕ ಅಂಕಗಳಲ್ಲೋ, ತಂಡದ ಗೆಲುವಿನಲ್ಲೋ? ಅಭಿಮಾನಿಗಳು ಅಂದಿನಿಂದಲೂ ವಾದಿಸುತ್ತಲೇ ಬಂದಿದ್ದಾರೆ.

ಚೇಂಬರ್ಲೇನ್ ಅಂಕಣದಲ್ಲೇ ಉತ್ತರ ಕೊಟ್ಟರು. 1966-67ರಲ್ಲಿ ಫಿಲಡೆಲ್ಫಿಯಾ 76ಅರ್ಸ್ ತಂಡದಲ್ಲಿ ತರಬೇತುದಾರ ಅಲೆಕ್ಸ್ ಹ್ಯಾನಮ್ ಮಾರ್ಗದರ್ಶನದಂತೆ ತಾವು ಚೆಂಡೆಸೆಯುವುದನ್ನು ತಗ್ಗಿಸಿ, ಸಹ ಆಟಗಾರರಿಗೆ ಹೆಚ್ಚು ಅವಕಾಶ ನೀಡಿದರು. ಅವರ ಸರಾಸರಿ 24.1ಕ್ಕೆ ಇಳಿಯಿತು, ತಂಡ 68 ಪಂದ್ಯ ಗೆದ್ದಿತು. ರಸೆಲ್‌ರ ಬಾಸ್ಟನ್ ತಂಡವನ್ನು ಮಣಿಸಿ ಚಾಂಪಿಯನ್ ಪಟ್ಟಕ್ಕೇರಿತು. ಪ್ರಶಸ್ತಿಯೂ ಅವರಿಗೇ ಒಲಿಯಿತು.

ಒಟ್ಟು ನಾಲ್ಕು ಬಾರಿ ಈ ಗೌರವ ಪಡೆದ ಅವರು 1999ರ ಅಕ್ಟೋಬರ್ 12ರಂದು ನಿಧನರಾದರು. ವಾದ ಮಾತ್ರ ಮುಗಿದಿಲ್ಲ.