ಅಮ್ಮೆಂಬಳ ಸುಬ್ಬರಾವ್ ಪೈ

ಅಮ್ಮೆಂಬಳ ಸುಬ್ಬರಾವ್ ಪೈ (19 ನವೆಂಬರ್ 1852 – 25 ಜುಲೈ 1909) ಮಂಗಳೂರಿನ ಹೆಸರಾಂತ ವಕೀಲರು, ಶಿಕ್ಷಣಪ್ರೇಮಿ ಹಾಗೂ ಕೆನರಾ ಬ್ಯಾಂಕಿನ ಸ್ಥಾಪಕರು. 1876ರಲ್ಲಿ ಮಂಗಳೂರಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದ ಅವರು, ತಮ್ಮ ಬಳಿಗೆ ಬಂದ ಕಕ್ಷಿದಾರರನ್ನು ಮೊದಲು ರಾಜಿಯ ಕಡೆಗೆ ಒಲಿಸಲು ಯತ್ನಿಸುತ್ತಿದ್ದ ನ್ಯಾಯವಾದಿಯೆಂದು ಪ್ರಸಿದ್ಧರಾದರು. 1891ರಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಕೆನರಾ ಬಾಲಿಕಾ ಪ್ರೌಢಶಾಲೆ, 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ – ಈ ಮೂರು ಸಂಸ್ಥೆಗಳು ಅವರ ಮುಂದಾಳ್ತನದಲ್ಲಿ ಹುಟ್ಟಿಕೊಂಡವು. ಕೊನೆಯದು 1910ರಲ್ಲಿ ಕೆನರಾ ಬ್ಯಾಂಕ್ ಎಂಬ ಹೆಸರನ್ನು ಪಡೆಯಿತು.

ಜನನ ಮತ್ತು ವಿದ್ಯಾಭ್ಯಾಸ

ಸುಬ್ಬರಾವ್ ಪೈ ಅವರು ಮಂಗಳೂರಿನ ಉತ್ತರಕ್ಕೆ ಕಡಲತೀರದಲ್ಲಿರುವ ಮೂಲ್ಕಿಯಲ್ಲಿ, ಗೌಡ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಮನೆಮಾತು ಕೊಂಕಣಿ. ಹೆಸರಿನ ಮೊದಲಲ್ಲಿರುವ ಅಮ್ಮೆಂಬಳವು ಒಂದು ಗ್ರಾಮ. ತಂದೆ ಉಪೇಂದ್ರ ಪೈ ಅವರು ಮುನ್ಸೀಫ್ ನ್ಯಾಯಾಲಯದಲ್ಲಿ ವಕೀಲರಾಗಿದ್ದರು. ಹೀಗಾಗಿ ದಾವೆ, ಡಿಕ್ರಿ, ವಕಾಲತ್ತುಗಳ ಮಾತು ಅವರಿಗೆ ಬಾಲ್ಯದಿಂದಲೇ ಪರಿಚಿತವಾಗಿತ್ತು.

ಮಂಗಳೂರಿನ ಸರ್ಕಾರಿ ಶಾಲೆಯಲ್ಲಿ ಓದಿದ ನಂತರ ಅವರು ಉನ್ನತ ವ್ಯಾಸಂಗಕ್ಕಾಗಿ ಮದರಾಸಿಗೆ ತೆರಳಿದರು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಪದವಿ ಶಿಕ್ಷಣಕ್ಕಾಗಲಿ ಕಾನೂನಿನ ಪರೀಕ್ಷೆಗಾಗಲಿ ಜಿಲ್ಲೆಯ ವಿದ್ಯಾರ್ಥಿಗಳು ಆ ದೂರದ ರಾಜಧಾನಿಯನ್ನೇ ನೆಚ್ಚಬೇಕಾಗಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಮದರಾಸಿನ ಪ್ರಯಾಣ ಸುಲಭವಾದುದಾಗಿರಲಿಲ್ಲ, ಅಲ್ಲಿ ಉಳಿದು ಓದುವ ಖರ್ಚನ್ನು ಭರಿಸಬಲ್ಲ ಕುಟುಂಬಗಳೂ ಕೆಲವೇ ಆಗಿದ್ದವು. ಸುಬ್ಬರಾವ್ ಪೈ ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಬಳಿಕ ಕಾನೂನು ವ್ಯಾಸಂಗವನ್ನು ಪೂರೈಸಿದರು. ಮದರಾಸು ಉಚ್ಚ ನ್ಯಾಯಾಲಯದ ವಿದ್ವಾಂಸ ನ್ಯಾಯಮೂರ್ತಿ ಹಾಲೊವೇ ಅವರ ಮಾರ್ಗದರ್ಶನವು ಅವರ ಮೇಲೆ ಆಳವಾದ ಪ್ರಭಾವ ಬೀರಿತು.

ವಕೀಲಿ ವೃತ್ತಿಯ ಹಿನ್ನೆಲೆ

1876ರಲ್ಲಿ ಅವರು ಮಂಗಳೂರಿಗೆ ಮರಳಿ ವೃತ್ತಿಯನ್ನು ಆರಂಭಿಸಿದರು. ಅದು ಭಾರತದ ವ್ಯವಹಾರ ಕಾನೂನುಗಳು ಒಂದೊಂದಾಗಿ ಲಿಖಿತ ರೂಪ ಪಡೆಯುತ್ತಿದ್ದ ಕಾಲ. ಕೋರ್ಟು ಶುಲ್ಕದ ಕಾಯಿದೆ 1870ರಲ್ಲಿ, ಕರಾರು ಕಾಯಿದೆ 1872ರಲ್ಲಿ ಬಂದಿದ್ದವು. ಹುಂಡಿ, ಪ್ರಾಮಿಸರಿ ನೋಟುಗಳನ್ನು ಕುರಿತ ಕಾಯಿದೆ 1881ರಲ್ಲಿ, ಸ್ವತ್ತು ವರ್ಗಾವಣೆ ಮತ್ತು ಕಂಪೆನಿಗಳ ಕಾಯಿದೆಗಳು 1882ರಲ್ಲಿ ಬಂದವು. ಬಾಯಿಮಾತು, ಹಿರಿಯರ ಸಾಕ್ಷ್ಯ, ಊರಿನ ರೂಢಿಗಳ ಮೇಲೆ ನಡೆಯುತ್ತಿದ್ದ ವ್ಯವಹಾರವನ್ನು ಇನ್ನು ಮುಂದೆ ಕಾಗದದ ಮೇಲೆ ರುಜುವಾತುಪಡಿಸಬೇಕಾಯಿತು. ವಾಯಿದೆ ಮೀರಿದರೆ ನಿಜವಾದ ಸಾಲವೂ ವಸೂಲಾಗದು. ಸ್ಟಾಂಪು ಸರಿಯಿಲ್ಲದಿದ್ದರೆ ನಿಜವಾದ ಪತ್ರವೂ ಸಾಕ್ಷ್ಯವಾಗದು. ಅಕ್ಷರ ಬಲ್ಲವರೇ ವಿರಳವಾಗಿದ್ದ ಸಮಾಜದಲ್ಲಿ, ಕಾನೂನು ಬಲ್ಲ ಅನುಭವಿ ವಕೀಲರನ್ನು ಗೊತ್ತುಮಾಡಿಕೊಳ್ಳುವುದು ವರ್ತಕನಿಗೂ ಭೂಮಾಲೀಕನಿಗೂ ಒಕ್ಕಲಿಗನಿಗೂ ಅನಿವಾರ್ಯವಾಯಿತು.

ದಕ್ಷಿಣ ಕನ್ನಡದಲ್ಲಿ ವ್ಯಾಜ್ಯಗಳಿಗೆ ಕಾರಣಗಳು ಹೇರಳವಾಗಿದ್ದವು. ಭೂಮಿಯ ಮೇಲೆ ಮೂಲಗೇಣಿ, ಚಾಲಗೇಣಿ, ಅಡಮಾನ ಮುಂತಾದ ಬಗೆಬಗೆಯ ಹಕ್ಕುಗಳು ಪದರಪದರವಾಗಿ ಇದ್ದವು. ಅಳಿಯಸಂತಾನ ಪದ್ಧತಿಯನ್ನು ಅನುಸರಿಸುವ ಕುಟುಂಬಗಳ ಅವಿಭಕ್ತ ಆಸ್ತಿಯಲ್ಲಿ ಯಜಮಾನನ ಅಧಿಕಾರ ಎಷ್ಟು, ಉಳಿದವರ ಹಕ್ಕು ಏನು ಎಂಬುದು ಪದೇಪದೇ ನ್ಯಾಯಾಲಯದ ಮೆಟ್ಟಿಲೇರುತ್ತಿದ್ದ ಪ್ರಶ್ನೆ. ಇನ್ನೊಂದೆಡೆ ಮಂಗಳೂರು ಬಂದರು ಬೆಳೆಯುತ್ತಿತ್ತು. ಕಾಫಿ, ಅಡಿಕೆ, ಮೆಣಸು, ಅಕ್ಕಿಗಳ ವ್ಯಾಪಾರದ ಜೊತೆಗೆ, ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಮಾದರಿಯಲ್ಲಿ ಹೆಂಚಿನ ಉದ್ಯಮವೂ ಹಬ್ಬತೊಡಗಿತ್ತು. ವ್ಯಾಪಾರ ಬೆಳೆದಂತೆ ಪಾಲುದಾರರ ಜಗಳ, ಬಾಕಿ ವಸೂಲಿ, ಕರಾರು ಉಲ್ಲಂಘನೆಯ ದಾವೆಗಳೂ ಬೆಳೆದವು.

ರಾಜಿಗೆ ಆದ್ಯತೆ

ಇಂಥ ಕಡೆ ವಕೀಲರಿಗೆ ಆದಾಯಕ್ಕೆ ಕೊರತೆಯಿರಲಿಲ್ಲ. ದಾವೆ ದೀರ್ಘವಾದಷ್ಟೂ ಶುಲ್ಕವೂ ಬೆಳೆಯುತ್ತಿತ್ತು. ಮುನ್ಸೀಫ್ ನ್ಯಾಯಾಲಯದಲ್ಲಿ ತೀರ್ಪಾದ ವ್ಯಾಜ್ಯವು ಜಿಲ್ಲಾ ನ್ಯಾಯಾಲಯಕ್ಕೆ, ಅಲ್ಲಿಂದ ಮದರಾಸಿನ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದಾಗಿತ್ತು. ಕೊನೆಗೆ ಡಿಕ್ರಿ ಕೈಗೆ ಬಂದರೂ ಅದರ ಅಮಲ್ಜಾರಿಗೆ ಮತ್ತೆ ಅರ್ಜಿ, ಮತ್ತೆ ತಕರಾರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಕನ್ನಡದ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ. ಗದ್ದೆಯ ಒಂದು ಅಂಚಿಗಾಗಿ ಹೂಡಿದ ದಾವೆಯ ಖರ್ಚಿಗೆ ಇಡೀ ಗದ್ದೆಯನ್ನು ಅಡವಿಡುವ ಸಂದರ್ಭಗಳು ಒದಗುತ್ತಿದ್ದವು.

ಸುಬ್ಬರಾವ್ ಪೈ ಅವರ ಕ್ರಮ ಬೇರೆಯಾಗಿತ್ತು. ಕಕ್ಷಿದಾರನ ಮಾತನ್ನು ಕೇಳಿ, ಎರಡೂ ಪಕ್ಷಗಳು ಪರಸ್ಪರ ಒಪ್ಪಂದಕ್ಕೆ ಬರುವ ದಾರಿ ಇದೆಯೇ ಎಂದು ಅವರು ಮೊದಲು ನೋಡುತ್ತಿದ್ದರು. ರಾಜಿ ಸಾಧ್ಯವಾದರೆ ತಮಗೆ ಬರಬಹುದಾಗಿದ್ದ ಶುಲ್ಕ ಕೈತಪ್ಪುವುದೆಂಬುದು ಅವರಿಗೆ ಗೊತ್ತಿರದ ಸಂಗತಿಯಲ್ಲ. ಆದರೂ ಅವರು ಈ ಕ್ರಮವನ್ನು ಬಿಡಲಿಲ್ಲ. ಇದರಿಂದ ಅವರ ವೃತ್ತಿಗೆ ಹಾನಿಯಾಗಲಿಲ್ಲ. ಮಂಗಳೂರಿನ ಅಗ್ರಗಣ್ಯ ವಕೀಲರ ಸಾಲಿನಲ್ಲಿ ಅವರು ನಿಂತರು.

ರಾಜಿಗೆ ಕಾನೂನಿನ ಆಧಾರವೂ ಇತ್ತು. 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ, ಅದರ ಬದಲಿಗೆ ಬಂದ 1877 ಮತ್ತು 1882ರ ಸಂಹಿತೆಗಳಲ್ಲೂ, ಉಭಯ ಪಕ್ಷಗಳ ಒಪ್ಪಿಗೆಯಿಂದ ವಿವಾದವನ್ನು ಪಂಚರ ತೀರ್ಮಾನಕ್ಕೆ ಒಪ್ಪಿಸಲು ಅವಕಾಶವಿತ್ತು. ನ್ಯಾಯಬದ್ಧವಾದ ರಾಜಿಯನ್ನು ನ್ಯಾಯಾಲಯವು ದಾಖಲಿಸಿಕೊಂಡು ಅದರಂತೆಯೇ ಡಿಕ್ರಿ ನೀಡಬಹುದಾಗಿತ್ತು. ಆದರೆ ಇಂಥ ಒಪ್ಪಂದ ಬಾಳಬೇಕಾದರೆ ಅದನ್ನು ರೂಪಿಸುವ ವಕೀಲನಿಗೆ ದಾವೆಯ ಬಲಾಬಲಗಳು ಚೆನ್ನಾಗಿ ತಿಳಿದಿರಬೇಕು. ಯಾವ ಪತ್ರ ನ್ಯಾಯಾಲಯದಲ್ಲಿ ನಿಲ್ಲುವುದು, ಯಾವ ಸಾಕ್ಷಿ ಪಾಟೀಸವಾಲಿನಲ್ಲಿ ಕುಸಿಯುವನು ಎಂಬುದನ್ನು ಅರಿಯದವನು ಕಕ್ಷಿದಾರನಿಗೆ ಎಷ್ಟು ಬಿಟ್ಟುಕೊಡಬೇಕೆಂದು ಹೇಳಲಾರ. ವಾದಿಸಿ ಗೆಲ್ಲಬಲ್ಲ ವಕೀಲನು ಹೇಳಿದ ರಾಜಿಗೆ ಮಾತ್ರ ಎದುರು ಪಕ್ಷವೂ ಬೆಲೆ ಕೊಡುತ್ತದೆ.

ಶಿಕ್ಷಣ ಸಂಸ್ಥೆಗಳು

1891ರಲ್ಲಿ ಸುಬ್ಬರಾವ್ ಪೈ ಅವರು ಸಮಾನಮನಸ್ಕರೊಡನೆ ಸೇರಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಅಂದು ನಗರದ ಇಂಗ್ಲಿಷ್ ಶಿಕ್ಷಣವು ಬಹುಮಟ್ಟಿಗೆ ಸರ್ಕಾರ ಮತ್ತು ಕ್ರೈಸ್ತ ಮಿಷನ್‌ಗಳ ಸಂಸ್ಥೆಗಳಲ್ಲಿ ನಡೆಯುತ್ತಿತ್ತು. ಸ್ಥಳೀಯರೇ ಹಣ ಕೂಡಿಸಿ, ಸ್ಥಳೀಯರೇ ಆಡಳಿತ ನಡೆಸುವ ಪ್ರೌಢಶಾಲೆಯೊಂದು ಬೇಕೆಂಬುದು ಸ್ಥಾಪಕರ ಆಶಯವಾಗಿತ್ತು.

ಮೂರು ವರ್ಷಗಳ ನಂತರ, 1894ರಲ್ಲಿ, ಬಾಲಕಿಯರಿಗಾಗಿ ಪ್ರತ್ಯೇಕ ಶಾಲೆ ಆರಂಭವಾಯಿತು. ಬಾಲ್ಯವಿವಾಹ ಸಾಮಾನ್ಯವಾಗಿದ್ದ, ಹೆಣ್ಣುಮಕ್ಕಳ ಓದು ಅನಗತ್ಯವೆಂಬ ಭಾವನೆ ಮೇಲ್ಜಾತಿಗಳಲ್ಲೂ ಬಲವಾಗಿದ್ದ ಕಾಲದಲ್ಲಿ ಇದು ಧೈರ್ಯದ ಹೆಜ್ಜೆಯಾಗಿತ್ತು. ಸಾಲಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತಿ ಆಸ್ತಿ ಕಳೆದುಕೊಂಡವರ ದಾವೆಗಳು ಆಗಿನ ನ್ಯಾಯಾಲಯಗಳಿಗೆ ಹೊಸತಾಗಿರಲಿಲ್ಲ. ಅನಕ್ಷರತೆಯ ಬೆಲೆ ಎಷ್ಟೆಂಬುದು ವಕೀಲರಿಗೆ ದಿನನಿತ್ಯದ ಅನುಭವವಾಗಿತ್ತು.

ಕೆನರಾ ಹಿಂದೂ ಪರ್ಮನೆಂಟ್ ಫಂಡ್

ಮಂಗಳೂರಿನಲ್ಲಿದ್ದ ಬ್ಯಾಂಕ್ ಆಫ್ ಮದ್ರಾಸಿನ ಶಾಖೆಯು ಮುಖ್ಯವಾಗಿ ಐರೋಪ್ಯ ರಫ್ತು ಕಂಪೆನಿಗಳ ಅಗತ್ಯವನ್ನು ಪೂರೈಸುತ್ತಿತ್ತು. ಸಣ್ಣ ವರ್ತಕರು, ಕೃಷಿಕರು, ಗುಮಾಸ್ತರು ಲೇವಾದೇವಿಗಾರರನ್ನೇ ಅವಲಂಬಿಸಿದ್ದರು. ಮದುವೆ, ಕಾಯಿಲೆ, ಬೆಳೆನಷ್ಟಗಳಿಗೆ ಮಾಡಿದ ಸಾಲವು ಬಡ್ಡಿಗೆ ಬಡ್ಡಿ ಸೇರಿ ಬೆಳೆದು, ಕಡೆಗೆ ದಾವೆಯಾಗಿ ವಕೀಲರ ಕಚೇರಿಗೆ ಬರುತ್ತಿತ್ತು. ಉಳಿತಾಯದ ಹಣವನ್ನು ನಂಬಿಕೆಯಿಂದ ಇಡಲು ತಕ್ಕ ಸ್ಥಳವೂ ಇರಲಿಲ್ಲ.

1 ಜುಲೈ 1906ರಂದು ಸುಬ್ಬರಾವ್ ಪೈ ಅವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಅವರಿಗೆ 53 ವರ್ಷ. ಅಜ್ಞಾನ ಮತ್ತು ಮೂಢನಂಬಿಕೆಗಳ ನಿವಾರಣೆ, ವಿದ್ಯಾಪ್ರಸಾರ, ಮಿತವ್ಯಯದ ಅಭ್ಯಾಸ, ಕಷ್ಟದಲ್ಲಿರುವವರಿಗೆ ನೆರವು, ಸೇವಾಮನೋಭಾವ ಮುಂತಾದವುಗಳನ್ನು ಸಂಸ್ಥೆಯ ಮೂಲತತ್ತ್ವಗಳೆಂದು ಹೇಳಲಾಗುತ್ತದೆ. ಒಳ್ಳೆಯ ಬ್ಯಾಂಕು ಸಮಾಜದ ಆರ್ಥಿಕ ಹೃದಯವಾಗಿರುವುದರ ಜೊತೆಗೆ ಜನಸಾಮಾನ್ಯರ ಆರ್ಥಿಕ ಸ್ಥಿತಿಯನ್ನು ಸುಧಾರಿಸಲು ನೆರವಾಗುವ ಹೊಣೆಯನ್ನೂ ಹೊಂದಿದೆ ಎಂಬುದು ಅವರ ನಿಲುವಾಗಿತ್ತು.

ಅದೇ ವರ್ಷದ ಮಾರ್ಚ್ 12ರಂದು ಉಡುಪಿಯಲ್ಲಿ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ ಹುಟ್ಟಿತ್ತು. ದೇಶದಲ್ಲಿ ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿದ್ದ ಕಾಲವದು. 1906ರ ಅಕ್ಟೋಬರಿನಲ್ಲಿ ಮದರಾಸಿನ ಪ್ರತಿಷ್ಠಿತ ಆರ್ಬತ್‌ನಾಟ್ ಕಂಪೆನಿಯು ದಿವಾಳಿಯಾಗಿ, ಅಲ್ಲಿ ಹಣವಿಟ್ಟಿದ್ದ ಸಾವಿರಾರು ಕುಟುಂಬಗಳು ಸಂಕಷ್ಟಕ್ಕೆ ಸಿಲುಕಿದವು. ಆ ದುರಂತದ ಬೆನ್ನಲ್ಲೇ ಮದರಾಸಿನ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರು 1907ರಲ್ಲಿ ಇಂಡಿಯನ್ ಬ್ಯಾಂಕನ್ನು ಸ್ಥಾಪಿಸಿದರು. ಜನರ ಠೇವಣಿಯನ್ನು ಕಾಪಾಡುವುದು ಎಂಥ ಹೊಣೆಯೆಂಬುದು ಮಂಗಳೂರಿನ ಹೊಸ ನಿಧಿಗೆ ಅದರ ಮೊದಲ ವರ್ಷದಲ್ಲೇ ಮನವರಿಕೆಯಾಗಿರಬೇಕು.

ನಿಧನ ಮತ್ತು ನಂತರದ ಬೆಳವಣಿಗೆ

ಸುಬ್ಬರಾವ್ ಪೈ ಅವರು 25 ಜುಲೈ 1909ರಂದು, 56ನೆಯ ವಯಸ್ಸಿನಲ್ಲಿ ನಿಧನರಾದರು. ತಾವು ಕಟ್ಟಿದ ನಿಧಿಯನ್ನು ಅವರು ನೋಡಿದ್ದು ಮೂರು ವರ್ಷ ಮಾತ್ರ. ಮರುವರ್ಷ, 1910ರಲ್ಲಿ, ಅದು ಕೆನರಾ ಬ್ಯಾಂಕ್ ಲಿಮಿಟೆಡ್ ಆಯಿತು. 19 ಜುಲೈ 1969ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಅದೂ ಒಂದು. 1 ಏಪ್ರಿಲ್ 2020ರಂದು, ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ್ದ ಸಿಂಡಿಕೇಟ್ ಬ್ಯಾಂಕು ಅದರಲ್ಲಿ ವಿಲೀನವಾಯಿತು. ಬ್ಯಾಂಕಿನ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. ಪ್ರತಿವರ್ಷ ನವೆಂಬರ್ 19ರಂದು ಸಂಸ್ಥಾಪಕರ ದಿನವನ್ನು ಆಚರಿಸಲಾಗುತ್ತದೆ. 1891ರ ಶಾಲೆಯಿಂದ ಬೆಳೆದ ಕೆನರಾ ಶಿಕ್ಷಣ ಸಂಸ್ಥೆಗಳು ಇಂದು ಪದವಿ ಕಾಲೇಜು ಹಾಗೂ ಬೆಂಜನಪದವಿನ ಎಂಜಿನಿಯರಿಂಗ್ ಕಾಲೇಜಿನವರೆಗೆ ವಿಸ್ತರಿಸಿವೆ.

ಪ್ರಭಾವ

ಸುಬ್ಬರಾವ್ ಪೈ ಅವರ ಕೆಲಸದ ಫಲ ಕರಾವಳಿಯಾಚೆಗೂ ಹರಡಿತು. ರಾಷ್ಟ್ರೀಕರಣದ ನಂತರ ಬಂದ ಅಗ್ರಣಿ ಬ್ಯಾಂಕ್ ಯೋಜನೆಯಲ್ಲಿ ಕೋಲಾರ ಜಿಲ್ಲೆಯು ಕೆನರಾ ಬ್ಯಾಂಕಿನ ಪಾಲಿಗೆ ಬಂದಿತು. 2007ರಲ್ಲಿ ಅದರಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೂ ಅದೇ ಅಗ್ರಣಿ ಬ್ಯಾಂಕು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರು, ಚಿಂತಾಮಣಿಯ ವರ್ತಕರು, ಗೌರಿಬಿದನೂರು ಮತ್ತು ಚಿಕ್ಕಬಳ್ಳಾಪುರದ ಬೆಳೆಗಾರರು ಸಾಲಕ್ಕಾಗಿ ಎಡತಾಕುವ ಬ್ಯಾಂಕುಗಳಲ್ಲಿ, ಮಂಗಳೂರಿನ ವಕೀಲರೊಬ್ಬರು ನೂರು ವರ್ಷಗಳಿಗೂ ಹಿಂದೆ ಕಟ್ಟಿದ ನಿಧಿಯ ಮುಂದುವರಿಕೆಯೂ ಸೇರಿದೆ.

ವೃತ್ತಿಯಲ್ಲಿ ಅವರು ಪಾಲಿಸಿದ ಕ್ರಮವು ಇಂದು ಕಾನೂನಿನಲ್ಲೇ ಸ್ಥಾನ ಪಡೆದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯು ಲೋಕ ಅದಾಲತ್ತುಗಳಿಗೆ ಶಾಸನಬದ್ಧ ರೂಪ ನೀಡಿತು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟು ಶುಲ್ಕವೂ ಹಿಂದಿರುಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರಿಂದ ಹೊಸ ರೂಪದಲ್ಲಿ ಜಾರಿಗೆ ಬಂದು, ಮಧ್ಯಸ್ಥಿಕೆ ಮತ್ತು ಸಂಧಾನಕ್ಕೆ ದಾವೆಗಳನ್ನು ಒಪ್ಪಿಸಲು ನ್ಯಾಯಾಲಯಗಳಿಗೆ ಅಧಿಕಾರ ನೀಡಿದೆ. 2018ರ ತಿದ್ದುಪಡಿಯ ಪ್ರಕಾರ, ತುರ್ತು ಪರಿಹಾರ ಬೇಡದ ವಾಣಿಜ್ಯ ದಾವೆಯನ್ನು ಹೂಡುವ ಮೊದಲೇ ಸಂಧಾನಕ್ಕೆ ಯತ್ನಿಸುವುದು ಕಡ್ಡಾಯ. ಜಿಲ್ಲಾ ಕೇಂದ್ರವಾದ ಚಿಕ್ಕಬಳ್ಳಾಪುರದ ನ್ಯಾಯಾಲಯಗಳಲ್ಲೂ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ತಾಲ್ಲೂಕು ನ್ಯಾಯಾಲಯಗಳಲ್ಲೂ ನಡೆಯುವ ಲೋಕ ಅದಾಲತ್ತುಗಳಲ್ಲಿ ಚೆಕ್ ಅಮಾನ್ಯ, ಬ್ಯಾಂಕ್ ಸಾಲ, ಆಸ್ತಿ ವಿಭಾಗದ ಪ್ರಕರಣಗಳು ಇತ್ಯರ್ಥಕ್ಕೆ ಬರುತ್ತವೆ. ಯಾವ ಕಾಯಿದೆಯ ಒತ್ತಾಯವೂ ಇಲ್ಲದ ಕಾಲದಲ್ಲಿ, ತಮ್ಮ ಗಳಿಕೆಗೆ ವಿರುದ್ಧವಾದರೂ, ಸುಬ್ಬರಾವ್ ಪೈ ಅವರು ಸ್ವಇಚ್ಛೆಯಿಂದ ಇದನ್ನೇ ಮಾಡುತ್ತಿದ್ದರು.