ನಮ್ಮ ಕಲ್ಲುಗಳನ್ನು ಓದಿಸಿದ ರೈಸ್ ಸಾಹೇಬರು

ಹೈಸ್ಕೂಲಿನಲ್ಲಿದ್ದಾಗ ಬಿ.ಎಲ್. ರೈಸ್ ನನಗೆ ಒಂದು ಅಂಕದ ಪ್ರಶ್ನೆ ಮಾತ್ರ. ಶಾಸನ ಪಿತಾಮಹ ಯಾರು ಎಂದು ಕೇಳುತ್ತಿದ್ದರು, ಉತ್ತರ ಬರೆದು ಮರೆಯುತ್ತಿದ್ದೆವು. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟ ತೆರೆದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ನಮ್ಮ ತಾಲ್ಲೂಕುಗಳೇ ಅಲ್ಲಿದ್ದವು. ದಿನವೂ ಬಸ್ಸಿನ ಬೋರ್ಡಿನಲ್ಲಿ ಓದುತ್ತಿದ್ದ ಊರುಗಳ ಹೆಸರು 1905ರಲ್ಲಿ ಅಚ್ಚಾದ ಪುಸ್ತಕದಲ್ಲಿ ಕಂಡು ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿಯೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಹಿಂತಿರುಗಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಅದೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ಅಂದರೆ ಅವರೂ ಮೊದಲು ಹೈಸ್ಕೂಲು ಮೇಷ್ಟ್ರೇ! 1865ರಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಆದರು, ಆಮೇಲೆ ಮೈಸೂರು ಸೀಮೆಯ ವಿದ್ಯಾ ಇಲಾಖೆಗೇ ಮುಖ್ಯಸ್ಥರಾದರು. ಹೋಬಳಿಗೊಂದು ಶಾಲೆ ಬೇಕೆಂಬ ಅವರ ಯೋಜನೆಗೆ 1868ರಲ್ಲಿ ಮಂಜೂರಾತಿ ಸಿಕ್ಕಿತು. ನಮ್ಮಂಥ ಹಳ್ಳಿಗಾಡಿನ ಮಕ್ಕಳ ಕಡೆಗೆ ಸರ್ಕಾರಿ ಶಾಲೆ ಮುಖಮಾಡಿದ್ದು ಹೀಗೆ.

ಶಾಲೆ ನೋಡಲು ಊರೂರು ತಿರುಗುವ ಕೆಲಸದಲ್ಲಿಯೇ ಅವರಿಗೆ ಕಲ್ಲುಗಳ ಗೀಳು ಹತ್ತಿತು. 1879ರಲ್ಲಿ ಶಾಸನಗಳ ಮೊದಲ ಪುಸ್ತಕ ತಂದರು. ನಡುವೆ ಮೈಸೂರು ಗೆಜೆಟಿಯರನ್ನೂ ಬರೆದರು. ಗೆಜೆಟಿಯರು ಆಳುವವರಿಗೆ ಬೇಕಿದ್ದ ಪುಸ್ತಕ, ಅದರಲ್ಲಿ ಸಂಶಯವಿಲ್ಲ. ಆದರೆ ದನ ಬಿಡಿಸಲು ಹೋಗಿ ಸತ್ತವನ ವೀರಗಲ್ಲು, ಕೆರೆಗೆ ಬಿಟ್ಟ ಗದ್ದೆಯ ಲೆಕ್ಕ, ಇವನ್ನು ಅಕ್ಷರಕ್ಷರ ಬರೆಸಿದವರನ್ನು ಬರೀ ಸಂಬಳದ ಅಧಿಕಾರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳು ಬಂದವು.

ನಮ್ಮ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಚೋಳರು ಆಳಿದ ಸೀಮೆಯಾದ್ದರಿಂದ ಈ ಸಂಪುಟದಲ್ಲಿ ಕನ್ನಡದ ಜೊತೆ ತಮಿಳೂ ಇದೆ, ತೆಲುಗೂ ಇದೆ. ಪ್ರತಿ ತಾಲ್ಲೂಕಿಗೂ ಒಂದರಿಂದ ಸಂಖ್ಯೆ ಶುರು. ಯಾವ ಊರು, ಕಲ್ಲು ಎಲ್ಲಿದೆ, ಏನು ಬರೆದಿದೆ ಎಂದು ಕ್ರಮವಾಗಿ ಕೊಟ್ಟಿದ್ದಾರೆ. ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸುವುದೇ ನನ್ನ ಹೊಟ್ಟೆಪಾಡು. ಇಷ್ಟು ಅಚ್ಚುಕಟ್ಟು ನಮ್ಮ ಆಫೀಸಿನಲ್ಲಿಲ್ಲ.

ತಪ್ಪುಗಳೂ ಇವೆ. ಗಂಗರ ತಾಮ್ರಶಾಸನಗಳನ್ನು ಅವರು ನಂಬಿದ ರೀತಿಯನ್ನು ಫ್ಲೀಟ್ ಸಾಹೇಬರು ಒಪ್ಪಲಿಲ್ಲ, ಜಗಳ ಬಹಳ ಕಾಲ ನಡೆಯಿತು. ಬಿಸಿಲಲ್ಲಿ ಕುಳಿತು ಕಲ್ಲು ತೊಳೆದು ಅಕ್ಷರ ಬಿಡಿಸಿದ ನಮ್ಮ ಪಂಡಿತರಿಗೆ, ನಕಲುಗಾರರಿಗೆ ಸಲ್ಲಬೇಕಾದ ಹೆಸರೂ ಸಂದಿಲ್ಲ. ಒಂದು ಅಂಕದ ಪ್ರಶ್ನೆಯಲ್ಲಿ ಅವರಿಗೆ ಜಾಗವಿಲ್ಲ.

ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. 1927ರಲ್ಲಿ ಹ್ಯಾರೋದಲ್ಲಿ ತೀರಿಕೊಂಡರು.

ಕಳೆದ ವರ್ಷ ಸಂಪುಟದ ಒಂದು ಸಂಖ್ಯೆ ಹಿಡಿದು ಪಕ್ಕದ ಹಳ್ಳಿಗೆ ಹೋಗಿದ್ದೆ. ಹೊಲದಲ್ಲಿ ಕಲ್ಲಿರಲಿಲ್ಲ. ಎಮ್ಮೆ ಮೇಯಿಸುತ್ತಿದ್ದ ಅಜ್ಜ ಕಾಲುವೆ ತೋರಿಸಿದರು. ಅದು ಮೋರಿಗೆ ಚಪ್ಪಡಿಯಾಗಿತ್ತು, ಅಕ್ಷರ ಕೆಳಮುಖ. ನಾಲ್ಕು ಜನ ಸಿಕ್ಕರೆ ಎತ್ತಬಹುದು. ಸುವರ್ಣ ಮಹೋತ್ಸವಕ್ಕೆ ಹೇಗೂ ಎಲ್ಲರೂ ಬರುತ್ತೀರಿ, ಮಾರನೆಯ ದಿನ ಬೆಳಿಗ್ಗೆ ನಾನು ಹಾರೆ ತರುತ್ತೇನೆ.