ನಿದ್ದೆಗೆಟ್ಟವರ ದನಿ: ಕಡಲಿನಿಂದ ರೇಡಿಯೋಗೆ ಬಂದ ಅವದ್ ದೂಖಿ

ಕುವೈತ್: ವಯಸ್ಸಾದ ಕುವೈತಿಗಳ ದಿವಾನಿಯಾದಲ್ಲಿ ಚಹಾ ಕೊಡುವವರಿಗೆ, ಅವರ ಕಾರು ಓಡಿಸುವವರಿಗೆ ಈ ದನಿ ಗೊತ್ತಿರುತ್ತದೆ, ಹೆಸರು ಗೊತ್ತಿರಲಿಕ್ಕಿಲ್ಲ. ಔದ್ ವಾದ್ಯದ ಜೊತೆ ಆತುರವೇ ಇಲ್ಲದೆ ಹಾಡುವ ಆ ತುಂಬುಕಂಠ ಅವದ್ ದೂಖಿ ಅವರದ್ದು. ಅವರ 'ಸೌತ್ ಅಲ್ ಸಹಾರಾ' ಇಲ್ಲಿನವರ ಬಾಯಲ್ಲಿ ಇವತ್ತಿಗೂ ಇದೆ. ಸಹಾರಾ ಅಂದರೆ ಇಲ್ಲಿ ಮರುಭೂಮಿ ಅಲ್ಲ, ರಾತ್ರಿ ನಿದ್ದೆಗೆಟ್ಟು ಕೂತವರು.

ದೂಖಿ ಹುಟ್ಟಿದ್ದು 1932ರಲ್ಲಿ. ಕುವೈತಿಗೆ ಅದು ಕೆಟ್ಟ ಕಾಲ. ಜಪಾನಿನವರು ಮುತ್ತು ಬೆಳೆಸಲು ಕಲಿತಿದ್ದರು, ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ. ಸಮುದ್ರಕ್ಕೆ ಮುಳುಗಿ ಮುತ್ತು ತೆಗೆದು ಬದುಕುತ್ತಿದ್ದ ಊರು ಇದ್ದಕ್ಕಿದ್ದಂತೆ ಬಡವಾಯಿತು. ಮೊದಲ ಎಣ್ಣೆ ಹಡಗು ಹೊರಟಿದ್ದು 1946ರಲ್ಲಿ.

ಆ ಮುತ್ತಿನ ಕೆಲಸ ಹೇಗಿತ್ತು ಅಂತ ತಿಳಿಯದೆ ಇಲ್ಲಿನ ಹಾಡು ಅರ್ಥವಾಗುವುದಿಲ್ಲ. ಬೇಸಿಗೆಯ ನಾಲ್ಕು ತಿಂಗಳು ಗಂಡಸರೆಲ್ಲ ಸಮುದ್ರದಲ್ಲಿ. ಹೊರಡುವ ಮುಂಚೆ ಮನೆಯವರ ಅಕ್ಕಿ, ಖರ್ಜೂರಕ್ಕೆ ಅಂತ ನೊಖದ (ಮಲ್ಪೆಯವರು ತಾಂಡೇಲ ಅನ್ನುತ್ತಾರಲ್ಲ, ಆತ) ಮುಂಗಡ ಕೊಡುತ್ತಿದ್ದ. ವಾಪಸು ಬಂದು ಮುತ್ತು ಮಾರಿದ ಮೇಲೆ ಮುಂಗಡ ಮುರಿದುಕೊಳ್ಳುವುದು. ಮುತ್ತು ಕಡಿಮೆ ಸಿಕ್ಕಿದರೆ ಬಾಕಿ ಮುಂದಿನ ವರ್ಷಕ್ಕೆ. ಬಾಕಿ ಇರುವವನು ಹಳೇ ನೊಖದನ ಚೀಟಿ ಇಲ್ಲದೆ ಬೇರೆ ಹಡಗು ಹತ್ತುವಂತಿಲ್ಲ. ಅವನು ಸತ್ತರೆ ಸಾಲ ಮಗನ ತಲೆಗೆ. ಏಜೆಂಟನಿಗೆ ಕಟ್ಟಿದ ಸಾಲ ತೀರಿಸಿ, ರಿಲೀಸಿಗಾಗಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿ ಹಡಗಿನಲ್ಲಿ ಒಬ್ಬ ನಹ್ಹಾಮ್ ಇರುತ್ತಿದ್ದ. ಅವನ ಕೆಲಸ ಹಾಡುವುದು. ಹಾಯಿ ಏರಿಸುವಾಗ ಒಂದು ಹಾಡು, ಹುಟ್ಟು ಹಾಕುವಾಗ ಇನ್ನೊಂದು, ಲಂಗರು ಎಳೆಯುವಾಗ ಮತ್ತೊಂದು. ಉಳಿದವರು ಗಂಟಲ ಆಳದಿಂದ ದನಿ ಕೂಡಿಸಿ ಚಪ್ಪಾಳೆ ತಟ್ಟುವರು. ಹಾಡಿಗೂ ಪಾಲು ಇತ್ತು, ಅದು ಮನರಂಜನೆ ಅಲ್ಲ, ಕೂಲಿ. ದಡದಲ್ಲಿ ಹೆಂಗಸರಿಗೂ ಅವರದೇ ಹಾಡು: ಗಂಡಸರನ್ನು ಮರಳಿಸು ಅಂತ ಸಮುದ್ರವನ್ನೇ ಗದರಿಸುವ ಹಾಡು. ಊರಲ್ಲಿ ಫೋನು ಹಿಡಿದು ಕಾಯುವವರ ಸಿಟ್ಟು ಹೆಚ್ಚು ಬೇರೆಯೇನಲ್ಲ.

ದೂಖಿ ಹುಡುಗನಾಗಿದ್ದಾಗಲೇ ಸಮುದ್ರಕ್ಕೆ ಹೋದವರು. ಮುತ್ತಿನ ಕಾಲ ಮುಗಿಯುತ್ತ ಬಂದಿತ್ತು, ಆದರೆ ಹಾಯಿಹಡಗುಗಳು ಬಸ್ರಾದ ಖರ್ಜೂರ ತುಂಬಿಕೊಂಡು ಮುಂಬಯಿ, ಮಂಗಳೂರು, ಕಲ್ಲಿಕೋಟೆಗೆ ಹೋಗುತ್ತಲೇ ಇದ್ದವು. ಹಡಗು ಕಟ್ಟುವ ಸಾಗುವಾನಿ ಮರ ಮಲಬಾರಿನದು. 1961ರವರೆಗೆ ಇಲ್ಲಿ ನಡೆಯುತ್ತಿದ್ದದ್ದೂ ರೂಪಾಯಿಯೇ. ಕುವೈತಿನ 'ಸೌತ್' ಸಂಗೀತಕ್ಕೆ ರೂಪ ಕೊಟ್ಟ ಅಬ್ದುಲ್ಲಾ ಅಲ್ ಫರಜ್ ಹತ್ತೊಂಬತ್ತನೇ ಶತಮಾನದಲ್ಲಿ ಮುಂಬಯಿಯಲ್ಲೇ ಬಾಳಿದವರು. ದುಡಿಯಲು ದಾಟುವ ದಾರಿ ಆಗ ಎರಡೂ ಕಡೆಗಿತ್ತು.

1951ರಲ್ಲಿ ಕುವೈತ್ ರೇಡಿಯೋ ಶುರುವಾಯಿತು. ದೂಖಿ ಸಮುದ್ರ ಬಿಟ್ಟು ಹಾಡಿಗೆ ಬಂದರು. ಸೌತ್ ಹಾಡಿದರು, ಕಡಲ ಹಾಡು ಹಾಡಿದರು, ಈಜಿಪ್ಟಿನ ಉಮ್ಮು ಕುಲ್ಸೂಮ್ ಅವರ ಹಾಡುಗಳನ್ನು ಔದ್ ಹಿಡಿದು ತನ್ನದೇ ರೀತಿಯಲ್ಲಿ ಹಾಡಿದರು. ಅವರ ತಮ್ಮ ಯೂಸುಫ್ ದೂಖಿ ಕುವೈತಿ ಹಾಡುಗಳ ಮೇಲೆ ಪುಸ್ತಕ ಬರೆದ ಸಂಗೀತ ವಿದ್ವಾಂಸ. ಒಬ್ಬರು ಹಾಡಿ ಉಳಿಸಿದರು, ಇನ್ನೊಬ್ಬರು ಬರೆದು.

ಎಣ್ಣೆ ದುಡ್ಡು ಬಂದಮೇಲೆ ಕಷ್ಟದ ಕಾಲವನ್ನು ಚಂದವಾಗಿ ನೆನೆಯುವುದು ಸುಲಭ. 1972ರಲ್ಲಿ ಖಾಲಿದ್ ಅಲ್ ಸಿದ್ದೀಕ್ ಅವರ 'ಬಸ್ ಯಾ ಬಹರ್' ಸಿನಿಮಾ ಹಾಗೆ ಮಾಡಲಿಲ್ಲ. ಮುತ್ತಿಗಾಗಿ ಮುಳುಗಿದ ಮಗ ಸಾಯುತ್ತಾನೆ. ಅವನು ತಂದ ಮುತ್ತನ್ನು ತಾಯಿ ಸಮುದ್ರಕ್ಕೇ ಎಸೆಯುತ್ತಾಳೆ.

ಆ ಸಿನಿಮಾ ಬಂದ ಏಳು ವರ್ಷಕ್ಕೆ, 1979ರಲ್ಲಿ, ದೂಖಿ ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ.